ಗೆದ್ದಲು ಬಿತ್ತಿದ ಬೆಳೆ

ರಾತ್ರಿ ಹುಬ್ಬೆ ಮಳೆ ಹುಯ್ದಿತ್ತು. ಮುತ್ತತ್ತಿ ಕಾಡಿನ ಕಡೆ ಎದ್ದ ಗುಡುಗು ಹಲಗೂರಿನ ಮೇಲೆ ಉರುಳಿಕೊಂಡು ಬಂದು, ದೊಡ್ಡವ್ವನ ಮನೆಯ ನಾಡಹೆಂಚನ್ನು ಒಮ್ಮೆ ನಡುಗಿಸಿ ಮಳವಳ್ಳಿಯತ್ತ ಸಾಗಿತು. ದೊಡ್ಡವ್ವ ಹಾಸಿಗೆಯಲ್ಲಿ ಎದ್ದು ಕುಳಿತು ಕಿವಿಗೊಟ್ಟಳು. "ಈ ಗುಡುಗ್ಗೆ ಏಳದೆ ಇದ್ರೆ ಇನ್ಯಾವ ಗುಡುಗ್ಗೂ ಏಳಾಕಿಲ್ಲ. ಮಲಿಕ್ಕೊ ಮಗ, ಕೋಳಿ ಕೂಗೋ ಹೊತ್ಗೆ ಎಬ್ಬುಸ್ತೀನಿ" ಅಂದಳು. ಏಳಬೇಕಾದದ್ದು ಏನು ಎಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅಣಬೆ.

ಮಂಡ್ಯವೆಂದರೆ ನಾಲೆ, ಗದ್ದೆ, ಕಬ್ಬು ಎಂದುಕೊಂಡವರು ಮಳವಳ್ಳಿ ತಾಲ್ಲೂಕಿನ ಈ ಮೂಡಣ ಅಂಚಿಗೆ ಬಂದಿರುವುದಿಲ್ಲ. ಇಲ್ಲಿ ಕಾವೇರಿ ಕಾಡಿನ ನಡುವೆ ಆಳದಲ್ಲಿ ಹರಿಯುತ್ತಾಳೆ. ಮೇಲಿನ ಹೊಲಗಳು ಮಳೆಯನ್ನೇ ನಂಬಿವೆ. ನಾವು ಹೊರಟಾಗ ಬೆಳಕು ಇನ್ನೂ ಬೂದಿಯ ಬಣ್ಣದಲ್ಲಿತ್ತು. ಮೊಣಕಾಲುದ್ದ ಬೆಳೆದ ರಾಗಿ ಪೈರು ತೊಯ್ದು ಒಂದೇ ಕಡೆಗೆ ಬಾಗಿತ್ತು. ಕತ್ತಾಳೆ ಬೇಲಿಯ ಮುಳ್ಳುತುದಿಗಳಲ್ಲಿ ನೀರು ನಿಂತಿತ್ತು. ಹೊಂಗೆಮರದಡಿ ಕೆಮ್ಮಣ್ಣು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ದೊಡ್ಡವ್ವ ಬರಿಗಾಲಲ್ಲಿ ನಡೆಯುತ್ತಿದ್ದಳು. ಕೈಯಲ್ಲೊಂದು ಬಿದಿರಿನ ಕುಕ್ಕೆ, ಅದರ ತಳಕ್ಕೆ ಹಾಸಿದ ಮುತ್ತುಗದ ಎಲೆ.

ಅವಳ ತಲೆಯಲ್ಲಿ ಒಂದು ನಕ್ಷೆಯಿದೆ. ಹುಣಸೆಮರದ ಹಿಂದಿನ ಹುತ್ತ, ಗೋಮಾಳದ ಎರಡು ಹುತ್ತ, ಬಾವಿ ಹೊಲದ ಬದುವಿನಲ್ಲಿ ನೆಲದ ಮೇಲೆ ಗುರುತೇ ಕಾಣದ, ಒಳಗೊಳಗೇ ಇರುವ ಗೆದ್ದಲ ಗೂಡು. ಯಾವುದು ಯಾವ ಮಳೆಗೆ ಏಳುತ್ತದೆ, ಹೋದ ವರ್ಷ ಯಾವುದು ಬರಿದಾಗಿತ್ತು ಎಲ್ಲವೂ ಅವಳಿಗೆ ನೆನಪು. ಹುಣಸೆಮರದ ಹುತ್ತಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ನಾಗರಪಂಚಮಿಯಲ್ಲಿ ಊರು ಹಾಲೆರೆಯುವುದು ಅದಕ್ಕೇ. ಅದರ ಮೈಮೇಲೆ ಎದ್ದದ್ದನ್ನು ಅವಳು ಮುಟ್ಟುವುದಿಲ್ಲ. ಒಂದು ಮಾರು ಆಚೆ ಎದ್ದದ್ದನ್ನು ಕೈಮುಗಿದು ಕೀಳುತ್ತಾಳೆ.

ಅಂದು ಗೋಮಾಳದಲ್ಲಿ ಎದ್ದಿದ್ದವು. ನಾನು ಮೊದಲು ಕಂಡದ್ದು ಬಿರುಕುಗಳನ್ನು. ಒಳಗಿನಿಂದ ಯಾರೋ ಬೆರಳಿಟ್ಟು ಎತ್ತಿದಂತೆ ನೆಲ ಅಲ್ಲಲ್ಲಿ ನಕ್ಷತ್ರದ ಆಕಾರದಲ್ಲಿ ಸೀಳಿತ್ತು. ಕೆಲವು ಬಿರುಕುಗಳಲ್ಲಿ ಬೂದು ಮೊನೆಯಷ್ಟೇ ಕಾಣುತ್ತಿತ್ತು, ತಲೆಕೆಳಗಾಗಿಸಿದ ಬುಗುರಿಯ ಮೊಳೆಯ ಹಾಗೆ. ಪಕ್ಕದಲ್ಲಿ ಅರೆ ಅರಳಿದವು, ಅದರಾಚೆ ಅಂಗೈಯಗಲ ಬಿಚ್ಚಿಕೊಂಡ ಬಿಳಿ ಕೊಡೆಗಳು. ಎಷ್ಟೇ ಅರಳಿದರೂ ನಡುವಿನ ಆ ಮೊನೆ ಮಾತ್ರ ಗಟ್ಟಿಯಾಗಿ, ಬೂದು ಬಣ್ಣದಲ್ಲಿ ಹಾಗೇ ಉಳಿದಿತ್ತು. ಗಟ್ಟಿ ನೆಲವನ್ನು ತೂತು ಕೊರೆದು ಮೇಲೆ ಬರಲು ಅಣಬೆಗಿರುವ ಗುಳ ಅದು.

"ಎಳೀಬ್ಯಾಡ, ಬುಡಕ್ಕೆ ಕೈ ಹಾಕು" ಅಂದಳು. ಮಣ್ಣು ಸರಿಸುತ್ತ ಹೋದೆ. ತೊಟ್ಟು ಸಣ್ಣದಾಗುತ್ತ, ಬೇರಿನಂತೆ ಕೆಳಗಿಳಿಯುತ್ತಲೇ ಹೋಯಿತು. ಮೊಳದುದ್ದ ಬಂದ ಮೇಲೆ ತುಂಡಾಯಿತು. ಉಳಿದದ್ದು ಒಳಗೆ ಗೆದ್ದಲ ಗೂಡಿಗೆ ಅಂಟಿಕೊಂಡಿತ್ತು. ಆ ಬೇರೇ ಅವಳ ಮೊದಲ ಸಾಕ್ಷಿ. ಎರಡನೆಯದು ಟೋಪಿಯ ಅಡಿ: ತೆಳ್ಳನೆಯ ಪದರಗಳು ಎಳೆಯದರಲ್ಲಿ ಬಿಳಿ, ಬಲಿತಂತೆ ನಸುಗುಲಾಬಿ. ಮೂರನೆಯದು ಮೂಗಿಗೆ ಸಿಗುವಂಥದ್ದು, ಮಳೆ ಬಿದ್ದ ಮಣ್ಣಿಗೆ ಹಸಿ ಹಿಟ್ಟು ಕಲಸಿದ ವಾಸನೆ. ಮೂರೂ ಕೂಡಿದರೆ ಮಾತ್ರ ಕುಕ್ಕೆಗೆ. ತೀರ ಎಳೆಯ ಮೊನೆಗಳನ್ನೂ, ಹುಳ ಬಿದ್ದ ಮುದಿ ಕೊಡೆಗಳನ್ನೂ ಅಲ್ಲೇ ಬಿಟ್ಟಳು. ಹುತ್ತದ ಇನ್ನೊಂದು ಮಗ್ಗುಲಲ್ಲಿ ಅಕ್ಕಿನುಚ್ಚು ಚೆಲ್ಲಿದ ಹಾಗೆ ನೂರಾರು ಪುಟ್ಟ ಅಣಬೆಗಳಿದ್ದವು, ಉಗುರಿಗಿಂತ ಒಂದಿಷ್ಟು ದೊಡ್ಡವು. ನುಚ್ಚಣಬೆ. ಅವಕ್ಕೆ ಉದ್ದ ಬೇರಿಲ್ಲ. ಗೆದ್ದಲು ಒಳಗಿನ ತೋಟದ ತುಣುಕುಗಳನ್ನು ಹೊರಗೆ ತಂದು ಹರಡಿದಲ್ಲಿ ಏಳುತ್ತವೆ. ಅವುಗಳನ್ನು ಅವಳು ಮಣ್ಣಿನ ಸಮೇತ ಸೆರಗಿಗೆ ಬಳಿದುಕೊಂಡಳು.

ಮರಳುವಾಗ ಕೊಟ್ಟಿಗೆಯ ಹಿಂದೆ, ಗೊಬ್ಬರ ಬಿದ್ದ ಹುಲ್ಲಿನಲ್ಲಿ ಇನ್ನೊಂದು ಸಾಲು ಕಂಡಿತು. ದೊಡ್ಡವು, ಬೆಳ್ಳಗೆ, ಟೋಪಿಯ ಮೇಲೆ ಕಂದು ಹಕ್ಕಳೆ. ಕಣ್ಣಿಗೆ ಹುತ್ತದ ಅಣಬೆಗಿಂತ ಚೆಂದ. "ಅದು ನಾಯಿಕೊಡೆ" ಎಂದಷ್ಟೇ ಹೇಳಿ ಅವಳು ಮುಂದೆ ನಡೆದಳು. ನನಗೆ ಮುಂದೆ ನಡೆಯಲಾಗಲಿಲ್ಲ. ಕೆಲವು ವರ್ಷಗಳ ಹಿಂದೆ, ಮಂಡ್ಯದ ಬಡಾವಣೆಯೊಂದರ ಹುಲ್ಲುಹಾಸಿನಲ್ಲಿ ನಾನು ಕಿತ್ತು ತಂದು ತಿಂದದ್ದು ಇದನ್ನೇ. ಎರಡು ಗಂಟೆಯೊಳಗೆ ಶುರುವಾದ ವಾಂತಿ, ಭೇದಿ ಬೆಳಗಿನವರೆಗೂ ನಿಲ್ಲಲಿಲ್ಲ. ಕ್ಲೋರೋಫಿಲಮ್ ಎಂಬ ಕುಲದ್ದು. ಬಲಿತ ಮೇಲೆ ಅಡಿಯ ಪದರಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ, ತೊಟ್ಟಿನ ಮೇಲೆ ಸರಿದಾಡುವ ಉಂಗುರವಿರುತ್ತದೆ. ಎಳೆಯದರಲ್ಲಿ ಆ ಹಸಿರು ಇನ್ನೂ ಕಾಣಿಸಿಕೊಂಡಿರುವುದಿಲ್ಲ. ನಾನು ಕಿತ್ತದ್ದು ಎಳೆಯದನ್ನು.

ಅಣಬೆಯ ಜೊತೆ ಬೆಳ್ಳಿ ಕಾಸು ಬೇಯಿಸಿ, ಅದು ಕಪ್ಪಾದರೆ ವಿಷ ಎನ್ನುವವರಿದ್ದಾರೆ. ಬೆಳ್ಳುಳ್ಳಿ ಹಾಕಿ ನೋಡು, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎನ್ನುವವರೂ ಇದ್ದಾರೆ. ಇವೆಲ್ಲ ಸುಳ್ಳು ಪರೀಕ್ಷೆಗಳು. ಮನುಷ್ಯನನ್ನು ಕೊಲ್ಲುವ ಅಮಾನಿಟ ಅಣಬೆಯನ್ನು ಹುಳುಗಳು ನೆಮ್ಮದಿಯಾಗಿ ತಿನ್ನುತ್ತವೆ. ಅದರ ವಿಷ ಆರೇಳು ಗಂಟೆ ಸುಮ್ಮನಿದ್ದು, ಕೆಲವೊಮ್ಮೆ ಇನ್ನೂ ತಡವಾಗಿ ಹೊಟ್ಟೆಯನ್ನು ಹಿಡಿಯುತ್ತದೆ; ಅಷ್ಟರಲ್ಲಿ ಯಕೃತ್ತಿಗೆ ಇಳಿದಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಚಹಾ ತೋಟಗಳ ಸೀಮೆಯಲ್ಲಿ 13 ಜನ ಕಾಡಣಬೆ ತಿಂದು ಸತ್ತರು. ಈಗ ನಾನು ಮನೆಯಲ್ಲಿ ಮಾಡುವುದು ಒಂದೇ: ಬಲಿತ ಟೋಪಿಯನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ, ಬಟ್ಟಲು ಮುಚ್ಚಿ, ರಾತ್ರಿ ಕಳೆಯಲು ಬಿಡುತ್ತೇನೆ. ಬೆಳಿಗ್ಗೆ ಹಾಳೆಯ ಮೇಲೆ ಬೀಜಾಣುಗಳು ತಮ್ಮ ಬಣ್ಣದಲ್ಲೇ ಗೀರು ಗೀರಾಗಿ ಉದುರಿರುತ್ತವೆ. ಹುತ್ತದ ಅಣಬೆಯದು ಗುಲಾಬಿ, ಕ್ಲೋರೋಫಿಲಮ್‌ನದು ಹಸಿರು, ಅಮಾನಿಟದ್ದು ಬಿಳಿ. ಅನುಮಾನ ನಿವಾರಿಸಲು ಇದು ನೆರವಾಗುತ್ತದೆ. ಆದರೆ ಹುತ್ತವನ್ನೇ ಬಲ್ಲ ಒಬ್ಬ ದೊಡ್ಡವ್ವನಿಲ್ಲದೆ ಇದೊಂದನ್ನೇ ನಂಬಿ ಯಾರೂ ಒಲೆ ಹಚ್ಚಬಾರದು.

ಅಂಗಳದಲ್ಲಿ ಕೂತು ಮಣ್ಣು ಬಿಡಿಸುವಾಗ, ಇದನ್ನು ನಾವೇ ಬೆಳೆಯಲಾಗದೇ ಎಂದೆ. "ಗೆದ್ಲು ಬೆಳ್ದಿದ್ದು ಕಣ್ ಮಗ ಅದು. ನಾವು ತಿನ್ನೋರು ಅಷ್ಟೇಯ" ಅಂದಳು.

ಅವಳ ಮಾತು ಅಕ್ಷರಶಃ ನಿಜ. ಗೆದ್ದಲು ಹೊಲದಿಂದ ಒಣಹುಲ್ಲು, ತರಗೆಲೆ, ಸೌದೆಯ ಚೂರು ಹೊತ್ತು ತಂದು ಜಗಿದು ನುಂಗುತ್ತದೆ. ಪೂರ್ತಿ ಜೀರ್ಣವಾಗದ ಆ ಹಿಕ್ಕೆಯಿಂದಲೇ ಗೂಡಿನ ಆಳದಲ್ಲಿ, ಮಿದುಳಿನಂತೆ ಮಡಿಕೆ ಮಡಿಕೆಯಾದ ಹಗುರ ತೋಟಗಳನ್ನು ಕಟ್ಟುತ್ತದೆ. ಅದರ ಮೇಲೆ ಶಿಲೀಂಧ್ರ ಹಬ್ಬಿ, ಸಾಸಿವೆಯಂಥ ಬಿಳಿ ಗುಂಡುಗಳನ್ನು ಬಿಡುತ್ತದೆ. ಗೆದ್ದಲಿಗೆ ಅದೇ ಊಟ. ತೋಟದಲ್ಲಿ ಕಳೆಯೂ ಬೀಳುತ್ತದೆ. ಗೆದ್ದಲು ಅದನ್ನು ಬಿಡದೆ ಹತ್ತಿಕ್ಕುತ್ತಿರುತ್ತದೆ. ಗೆದ್ದಲು ಸತ್ತ ಅಥವಾ ಬಿಟ್ಟುಹೋದ ಗೂಡಿನಲ್ಲಿ ಆ ಕಳೆ ಶಿಲೀಂಧ್ರವೇ ಕಪ್ಪು ಬೆರಳುಗಳ ಹಾಗೆ ಎದ್ದು ಎಲ್ಲವನ್ನೂ ಆವರಿಸುತ್ತದೆ. ಮಳೆ ಇಳಿದು ನೆಲ ಮೆತ್ತಗಾದಾಗ ತೋಟದ ಶಿಲೀಂಧ್ರ ಮೇಲಕ್ಕೆ ಕಳಿಸುವ ಹೂವೇ ನಮ್ಮ ಕುಕ್ಕೆಯ ಅಣಬೆ. ಮನುಷ್ಯ ಬಿತ್ತನೆ ಕಲಿತು ಸುಮಾರು ಹತ್ತು ಸಾವಿರ ವರ್ಷವಾದರೆ, ಗೆದ್ದಲಿನ ಈ ಬೇಸಾಯಕ್ಕೆ ಸುಮಾರು ಮೂರು ಕೋಟಿ ವರ್ಷ. ಫ್ರಾನ್ಸಿನ ವಿಜ್ಞಾನಿ ರೋಜರ್ ಏಮ್ 1942ರಲ್ಲಿ ಈ ಕುಲಕ್ಕೆ ಟರ್ಮೈಟೋಮೈಸಿಸ್ ಎಂದು ಹೆಸರಿಟ್ಟರು. ನಮ್ಮ ದಕ್ಷಿಣದ ಒಂದು ಬಗೆಯನ್ನು 1979ರಲ್ಲಿ ಬಣ್ಣಿಸಿದ ಮದ್ರಾಸಿನ ನಟರಾಜನ್, ಅದಕ್ಕೆ ಏಮ್ ಅವರ ಹೆಸರನ್ನೇ ಕೊಟ್ಟರು. ಹೆಸರಿಟ್ಟದ್ದಾಯಿತು, ಗಾಜಿನ ತಟ್ಟೆಯಲ್ಲಿ ಅದರ ಎಳೆಗಳನ್ನು ಬೆಳೆಸಿದ್ದೂ ಆಯಿತು. ಗೆದ್ದಲಿಲ್ಲದೆ ಕುಕ್ಕೆ ತುಂಬುವಷ್ಟು ಅಣಬೆ ತೆಗೆಯುವ ಬೇಸಾಯ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಜೆಸಿಬಿ ಹಚ್ಚಿ ಹುತ್ತ ಸಮ ಮಾಡಿದ ಹೊಲದಲ್ಲಿ ಈ ಅಣಬೆ ಮತ್ತೆ ಕಾಣದು. ದೊಡ್ಡವ್ವನ ನಕ್ಷೆಯಲ್ಲಿ ಹಾಗೆ ಅಳಿಸಿಹೋದ ಜಾಗಗಳೂ ಇವೆ; ಅಲ್ಲಿ ಹಾದುಹೋಗುವಾಗ ಅವಳು ಮಾತು ನಿಲ್ಲಿಸುತ್ತಾಳೆ.

ಮಧ್ಯಾಹ್ನದ ಹೊತ್ತಿಗೆ ಒರಳಲ್ಲಿ ಕಾಯಿ, ಧನಿಯ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಬೆಳ್ಳುಳ್ಳಿ ಅರೆದಾಗಿತ್ತು. ಬಾಡಿನ ಸಾರಿಗೆ ಅರೆಯುವ ಮಸಾಲೆಯೇ ಇದಕ್ಕೂ. ಕೈಯಲ್ಲೇ ಸೀಳಿದ ಅಣಬೆ ಮೊದಲು ತನ್ನ ನೀರು ತಾನೇ ಬಿಟ್ಟುಕೊಂಡು ಬೆಂದಿತು, ಆಮೇಲೆ ಮಸಾಲೆ. ತೊಟ್ಟು ನಾರುನಾರಾಗಿ ನಾಟಿಕೋಳಿಯಂತೆ ಹಲ್ಲಿಗೆ ಸಿಗುತ್ತದೆ, ಟೋಪಿ ಮುದ್ದೆಯ ಜೊತೆ ಜಾರುತ್ತದೆ. ಬಾಡು ತರಲು ಕಾಸಿಲ್ಲದ ವರ್ಷಗಳಲ್ಲಿ ಈ ಸಾರೇ ಹಬ್ಬ ಮಾಡಿಸಿತ್ತೆಂದು ಅವಳು ಬಡಿಸುತ್ತ ಹೇಳಿದಳು.

ವಾರದ ಬಳಿಕ ಮಂಡ್ಯದ ಅಂಗಡಿಯಲ್ಲಿ, ಪ್ಲಾಸ್ಟಿಕ್ ಡಬ್ಬಿಯ ಗುಂಡಿ ಅಣಬೆಯ ಮುಂದೆ ನಿಂತಿದ್ದೆ. 14ರಿಂದ 18 ಡಿಗ್ರಿಯ ತಂಪು ಬೇಡುವ ಅಣಬೆ ಅದು. ಅದನ್ನು ನಮ್ಮ ಈ ಸೆಕೆಯ ಊರಲ್ಲಿ ಬೆಳೆಯಬೇಕಾದರೆ ಕೋಣೆಯನ್ನೇ ತಣ್ಣಗಿಡಬೇಕು. ಸುತ್ತ ನೋಡಿದರೆ ಕೃಷ್ಣರಾಜಸಾಗರದ ನೀರು ಕುಡಿದ ಗದ್ದೆಗಳು, ಗದ್ದೆಗೆ ತಕ್ಕ ಹುಲ್ಲು. ಈ ಸೀಮೆಗೆ ಕಬ್ಬಿನ ಬೇಸಾಯವನ್ನೂ ಸಕ್ಕರೆ ಕಾರ್ಖಾನೆಯನ್ನೂ ತರಲು ದುಡಿದ ಕೆನಡಾದ ಲೆಸ್ಲಿ ಕೋಲ್ಮನ್, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮದ್ದು ಕಲಿಸಿದವರು ಅವರು. ಅಂಥವರು ನಡೆದಾಡಿದ ಊರಲ್ಲಿ ಹುಲ್ಲಿನ ಮೇಲೇ ಏಳುವ ಅಣಬೆಯೊಂದು ಜನರ ನಾಲಗೆಯಿಂದ ಮರೆಯಾಗುತ್ತಿರುವುದು ನನಗೆ ನಿಜವಾದ ನೋವು.

ಆ ಅಣಬೆಯನ್ನು ನೋಡಲು ಮದ್ದೂರಿನಾಚೆ, ಶಿಂಷಾ ಹೊಳೆಯ ಬಯಲಿನಲ್ಲಿರುವ ಅಕ್ಕನ ಮನೆಗೆ ಹೋದೆ. ಹಿಂದೆ ಕಣದ ಮೂಲೆಯ ಹುಲ್ಲಿನ ಮೆದೆ ಮಳೆಗೆ ತೊಯ್ದು, ಒಳಗೆ ಕಾವು ಹಿಡಿದಾಗ ಬುಡದಲ್ಲಿ ತಾನಾಗಿ ಏಳುತ್ತಿದ್ದದ್ದು ಇದೇ. ಚೀನಾದ ದಕ್ಷಿಣದ ಬೌದ್ಧ ಭಿಕ್ಷುಗಳು ಸುಮಾರು 200 ವರ್ಷಗಳ ಹಿಂದೆಯೇ ಇದನ್ನು ಹುಲ್ಲಿನಲ್ಲಿ ಬೆಳೆದರು; ನಮ್ಮಲ್ಲಿ 1940ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಇದರ ಬೇಸಾಯ ಶುರುವಾಯಿತು. 30ರಿಂದ 35 ಡಿಗ್ರಿ ಇದಕ್ಕೆ ಹಿತ. ಮದ್ದೂರಿನ ಬೇಸಿಗೆ ಇದನ್ನು ಕೇಳಿಯೇ ಹುಟ್ಟಿದ ಹಾಗಿದೆ.

ತೆಂಗಿನ ತೋಟದ ನೆರಳಲ್ಲಿ ಗರಿ ಹೊದಿಸಿದ ಚಪ್ಪರ. ಅದರಡಿ ಇಟ್ಟಿಗೆಯ ಮೇಲೆ ಮಂಚದಂತೆ ಪೇರಿಸಿದ ಹುಲ್ಲಿನ ಕಂತೆಗಳು. ಅಕ್ಕ ಉದ್ದ ಹುಲ್ಲನ್ನೇ ಹುಡುಕಿ ತರುತ್ತಾಳೆ. ಯಂತ್ರ ಕೊಯ್ದು ಪುಡಿಗಟ್ಟಿ ಸುರುಳಿ ಮಾಡಿದ ಹುಲ್ಲು ಕಂತೆ ಕಟ್ಟಲು ಬರದು. ಕೈಯಲ್ಲಿ ಕೊಯ್ದು ಬಡಿದದ್ದೇ ಬೇಕು. ಕಂತೆಗಳನ್ನು ಒಂದು ರಾತ್ರಿ ತೊಟ್ಟಿಯಲ್ಲಿ ನೆನೆಸಿ, ನೀರು ಬಸಿದು, ಒಂದು ಸಾಲು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಇಡುತ್ತಾಳೆ. ಪ್ರತಿ ಸಾಲಿನ ಅಂಚಿಗೆ ಅಣಬೆ ಬೀಜ, ಅದರ ಮೇಲೆ ಒಂದು ಹಿಡಿ ಕಡಲೆಹಿಟ್ಟು. ಮೇಲೆ ಪ್ಲಾಸ್ಟಿಕ್ ಹೊದಿಕೆ. ಹತ್ತು ಹನ್ನೆರಡು ದಿನ ಕಳೆದರೆ ಹುಲ್ಲಿನ ಸಂದಿಯಲ್ಲಿ ಗುಂಡುಸೂಜಿಯ ತಲೆಗಳು. ಅದಾದ ಮೂರು ನಾಲ್ಕು ದಿನಕ್ಕೆ ಮೊಟ್ಟೆಗಳು.

ನಸುಕಿನಲ್ಲಿ ಹೊದಿಕೆ ಸರಿಸಿದಳು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ನೆನೆದ ಹುಲ್ಲಿನ ಹುಳಿವಾಸನೆಯ ನಡುವೆ, ಬೂದುಗಪ್ಪು ಸಿಪ್ಪೆಯ ಪಾರಿವಾಳದ ಮೊಟ್ಟೆಗಳಂತೆ ಗುಂಪುಗುಂಪಾಗಿ ಕುಳಿತಿದ್ದವು. ಒಂದನ್ನು ಉದ್ದುದ್ದ ಸೀಳಿ ತೋರಿಸಿದಳು. ಒಳಗೆ ಪೂರ್ತಿ ಅಣಬೆ ಮಡಿಸಿ ಮಲಗಿತ್ತು, ಟೋಪಿ, ತೊಟ್ಟು, ಸುತ್ತ ತೆಳುಚೀಲ. "ಈಗ್ಲೇ ಬಿಡಿಸ್ಬೇಕು. ಸಂಜೆಗೆ ಒಡ್ಕೊಂಡು ಕೊಡೆಯಾಗ್ತದೆ" ಅಂದಳು. ಇದೇ ಮೊಟ್ಟೆಯ ರೂಪದಲ್ಲಿ ಅಮಾನಿಟವೂ ನೆಲದಿಂದ ಏಳುವುದರಿಂದ, ಬಯಲಲ್ಲಿ ಸಿಕ್ಕ ಮೊಟ್ಟೆಯನ್ನು ಅಕ್ಕ ಮುಟ್ಟುವುದಿಲ್ಲ. ತಾನು ಬೀಜ ಹಾಕಿದ ಹುಲ್ಲಿನದ್ದನ್ನು ಮಾತ್ರ ಬಿಡಿಸುತ್ತಾಳೆ.

ಇಳುವರಿ ಕಡಿಮೆ. 100 ಕಿಲೋ ಒಣಹುಲ್ಲಿಗೆ 10ರಿಂದ 15 ಕಿಲೋ ಬಂದರೆ ಚೆನ್ನಾಗಿ ಬಂತೆಂದು ಲೆಕ್ಕ. ಚಿಪ್ಪಣಬೆ ಇದರ ಮೂರು ನಾಲ್ಕು ಪಟ್ಟು ಕೊಡುತ್ತದೆ. ಇನ್ನೂ ಒಂದು ತೊಡಕೆಂದರೆ ಇದನ್ನು ಫ್ರಿಜ್ಜಿನಲ್ಲಿ ಇಡುವಂತಿಲ್ಲ. ತಂಪು ತಾಕಿದರೆ ನೀರಾಗಿ ಕರಗುತ್ತದೆ. ಅಂಗಡಿಯ ಡಬ್ಬಿಗೆ ಒಗ್ಗದಿರುವುದು ಇದಕ್ಕಾಗಿ. ಬಿಡಿಸಿದ ದಿನವೇ ಉಣ್ಣುವ ಊರಿಗೆ ಮಾತ್ರ ಇದು ಒಲಿಯುತ್ತದೆ. ಹಾಲಣಬೆ ಬೆಳೆದರೆ ನಾಲ್ಕು ದಿನ ಇಟ್ಟು ಮಾರಬಹುದಲ್ಲ ಎಂದೆ. ಅದನ್ನೂ ಬೆಳೆದಿದ್ದಾಳಂತೆ. "ಮಾರೋಕೆ ಅದು, ಉಣ್ಣೋಕೆ ಇದು" ಎಂದು ಹೊದಿಕೆಯನ್ನು ಮತ್ತೆ ಸರಿಪಡಿಸಿದಳು.

ಒಂದು ಪಾಲನ್ನು ಬಾಳೆಲೆಯಲ್ಲಿ ಸುತ್ತಿ, ದೊಡ್ಡವ್ವನಿಗೆಂದು ನನ್ನ ಕೈಗಿತ್ತಳು. ಮದ್ದೂರಿನಿಂದ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಹಲಗೂರಿನ ಕಡೆಗೆ ಇನ್ನೊಂದು. ತೊಡೆಯ ಮೇಲಿನ ಪೊಟ್ಟಣ ದಾರಿಯುದ್ದಕ್ಕೂ ಬೆಚ್ಚಗೇ ಇತ್ತು. ಮಧ್ಯಾಹ್ನ ಬಿಚ್ಚುವಷ್ಟರಲ್ಲಿ ಎರಡು ಮೊಟ್ಟೆಗಳು ಆಗಲೇ ಒಡೆದು ತಲೆ ಹೊರಹಾಕಿದ್ದವು.

ದೊಡ್ಡವ್ವ ಒಂದನ್ನೆತ್ತಿ ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. "ಇದು ಮೆದೆ ಅಣಬೆ ಕಣ್ಲಾ! ನಮ್ಮಪ್ಪನ ಕಣದಲ್ಲಿ ಏಳ್ತಿತ್ತು" ಅಂದಳು. ಹುಲ್ಲು ಎಷ್ಟು ದಿನ ನೆನೆಯಬೇಕು, ಬೀಜ ಎಲ್ಲಿ ಕೊಡುತ್ತಾರೆ, ಹಿಟ್ಟು ಯಾಕೆ ಎಂದು ಒಂದರ ಹಿಂದೊಂದು ಕೇಳಿದಳು. ನಾನು ಹೇಳುತ್ತಿರುವಾಗಲೇ ಎದ್ದು ಹಿತ್ತಿಲಿಗೆ ಹೋದಳು. ಅಲ್ಲಿ ದನಕ್ಕೆಂದು ಕೊಂಡು ಒಟ್ಟಿದ ಸಣ್ಣ ಮೆದೆಯೊಂದು ಮಳೆಗೆ ತೊಯ್ದು ಕುಸಿದಿತ್ತು. ಬಾಗಿ, ಅದರ ಬುಡದ ಹುಲ್ಲನ್ನು ಕೈಯಿಂದ ಮೆಲ್ಲಗೆ ಬಿಡಿಸಿ, ಒಳಗೆ ಕಾವು ಹಿಡಿದಿದೆಯೇ ಎಂದು ಅಂಗೈ ಇಟ್ಟು ನೋಡಿದಳು.