ಹಿಮದ ಹಾದಿಯಲ್ಲಿ ಟ್ಯಾಂಕುಗಳು

ಬೆಂಗಳೂರಿನ ಹಲಸೂರು ಕೆರೆಯ ಮಗ್ಗುಲಲ್ಲಿರುವ ಮದರಾಸು ಸ್ಯಾಪರ್ಸ್ ದಳದ ಪಾಳೆಯವನ್ನು ವಾಚಕರಲ್ಲಿ ಅನೇಕರು ಹೊರಗಿನಿಂದಲಾದರೂ ಕಂಡಿರಬಹುದು. ನಾನು ಬಾಲಕನಾಗಿದ್ದಾಗ, ಆ ದಳದಿಂದ ನಿವೃತ್ತರಾದ ಸುಬೇದಾರರೊಬ್ಬರು ನಮ್ಮ ಬೀದಿಯಲ್ಲಿ ವಾಸವಾಗಿದ್ದರು. ಸಂಜೆ ಅವರ ಜಗಲಿಯಲ್ಲಿ ಹಳೆಯ ಸೈನಿಕರು ಕೂಡಿದರೆಂದರೆ ಪಾಳೆಯದ ಮಾತು, ಊಟದ ಮಾತು ಮುಗಿದು, ಸಂಭಾಷಣೆಯು ತಪ್ಪದೆ ಕಾಶ್ಮೀರದ ಜೋಜಿಲಾ ಕಣಿವೆಯನ್ನು ಏರುತ್ತಿದ್ದಿತು.

1948ರಲ್ಲಿ ಪಾಕಿಸ್ತಾನದ ಕಡೆಯವರು ಆ ಕಣಿವೆಯನ್ನು ಹಿಡಿದು ಲಡಾಖಿನ ದಾರಿಯನ್ನು ತಡೆದಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳುಗಳ ಆಕ್ರಮಣವು ವಿಫಲವಾಯಿತು. ಆಗ ಕೊಡಗಿನವರಾದ ಸೇನಾನಿ ಕೆ. ಎಸ್. ತಿಮ್ಮಯ್ಯನವರು ಅಲ್ಲಿಗೆ ಟ್ಯಾಂಕುಗಳನ್ನೇ ಒಯ್ಯಲು ನಿಶ್ಚಯಿಸಿದರು. ಎತ್ತರವೋ ಸುಮಾರು 11,500 ಅಡಿ. ಇದ್ದುದು ಹೇಸರಗತ್ತೆಗಳು ನಡೆವ ಹಾದಿ. ಗುಟ್ಟು ಹೊರಬೀಳದಂತೆ ಸ್ಟುವರ್ಟ್ ಟ್ಯಾಂಕುಗಳ ತೋಪಿನ ಗೋಪುರಗಳನ್ನು ಕಳಚಿ ಸಾಗಿಸಿದರು. ಬಾಲ್ತಾಲಿನಿಂದ ಮೇಲಕ್ಕೆ ಬಂಡೆ ಒಡೆದು ಹಾದಿಯನ್ನು ಅಗಲಿಸಿದವರು ಈ ಸ್ಯಾಪರುಗಳು. ನವೆಂಬರ್ 1ರಂದು ಏಳನೆಯ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳು ಕಣಿವೆಯನ್ನು ಹೊಕ್ಕಾಗ, ಅವನ್ನು ಕನಸಿನಲ್ಲಿಯೂ ನಿರೀಕ್ಷಿಸದಿದ್ದ ಶತ್ರುವು ಕಾಲ್ತೆಗೆದನು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ಲುಗಳೂ ವಶವಾಗಿ ಲೇಹದ ದಾರಿ ತೆರೆಯಿತು.

"ಟ್ಯಾಂಕು ಗೆದ್ದಿತು" ಎಂದು ಜಗಲಿಯಲ್ಲಿ ಯಾರಾದರೂ ಅಂದರೆ ಸುಬೇದಾರರಿಗೆ ಕೋಪ ಬರುತ್ತಿದ್ದಿತು. "ಅದಕ್ಕೇನು ರೆಕ್ಕೆಯಿತ್ತೇನಯ್ಯಾ?" ಎನ್ನುವರು. (ಈ ಕೋಪ ನ್ಯಾಯವಾದುದೆಂದೇ ನನ್ನ ಮತ.)

ಒಮ್ಮೆ ನಾನು, "ತಾತಾ, ನೀವು ಟ್ಯಾಂಕನ್ನು ಹತ್ತಿದ್ದಿರಾ?" ಎಂದು ಕೇಳಿದೆನು. ಹಿಮದಿಂದ ಎರಡು ಬೆರಳುಗಳನ್ನು ಕಳೆದುಕೊಂಡಿದ್ದ ಕೈಯನ್ನು ಮುಂದೆ ಚಾಚಿ, "ಇಲ್ಲ ಮಗೂ, ಅದೇ ನಮ್ಮ ಕೆಲಸದ ಮೇಲೆ ಹತ್ತಿಹೋಯಿತು" ಎಂದರು.