ನೀರಿನ ಮೇಲಿನ ಚಳಿ: ಮೀನು ಹಿಡಿಯುವವರ ಉಡುಪು ಹೇಗಿರಬೇಕು?



ಗುಮ್ಮಘಟ್ಟದಲ್ಲಿ ಕುಳಿತು ರೇನ್‌ಕೋಟಿನ ವಿಷಯ ಬರೆಯುತ್ತೇನೆಂದರೆ ನಿಮಗೆ ನಗು ಬರಬಹುದು. ದಕ್ಷಿಣ ಭಾರತದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಮಳೆಗಾಗಿ ಪ್ರಾರ್ಥಿಸುವ ನಮಗೆ ಮಳೆಯಂಗಿ ಯಾಕೆ? ಆದರೆ ನಮ್ಮ ಧರ್ಮಕೇಂದ್ರದ ಹಲವು ರೈತ ಕುಟುಂಬಗಳು ಕಡಲೆಕಾಯಿ ಕೈಕೊಟ್ಟ ವರ್ಷ ಭೈರವಾನಿತಿಪ್ಪ ಜಲಾಶಯದ ಮೀನನ್ನೇ ನಂಬಿ ಬದುಕುತ್ತವೆ. 1961ರಲ್ಲಿ ವೇದಾವತಿಗೆ, ಅಂದರೆ ನಮ್ಮ ಹಗರಿಗೆ, ಕಟ್ಟಿದ ಈ ಜಲಾಶಯ ಎಷ್ಟೋ ವರ್ಷ ಬರಿದಾಗಿಯೇ ಇದ್ದದ್ದು ಹಿರಿಯರಿಗೆ ಗೊತ್ತು. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದು ವೇದಾವತಿ ಹರಿದಾಗ ನಮ್ಮ ಕಡೆ ಹರಿಗೋಲುಗಳು ಮತ್ತೆ ನೀರಿಗಿಳಿದವು. ನೀರು ಬಂದರೆ ಮೀನು ಬರುತ್ತದೆ. ಮೀನಿನ ಜೊತೆಗೆ ಬರುವ ಒಂದು ಅಪಾಯವನ್ನು ಮಾತ್ರ ನಾವು ಅಪಾಯವೆಂದೇ ಎಣಿಸುವುದಿಲ್ಲ. ಅದು ಚಳಿ.

ಒಂದು ಬೆಳಗಿನ ಸಂಗತಿ

ಕೆಲವು ವರ್ಷಗಳ ಹಿಂದೆ, ಆಗಮನ ಕಾಲದ ಒಂದು ಬೆಳಿಗ್ಗೆ ನನ್ನನ್ನು ನೀರಿನ ದಂಡೆಗೆ ಕರೆದರು. ಇಪ್ಪತ್ತೈದರ ಒಬ್ಬ ಯುವಕ ಬಲೆ ಎತ್ತುವಾಗ ಹರಿಗೋಲು ವಾಲಿ ನೀರಿಗೆ ಬಿದ್ದಿದ್ದ. ಈಜು ಬಲ್ಲವನು, ಎರಡೇ ನಿಮಿಷದಲ್ಲಿ ಹತ್ತಿ ಬಂದ. ಎಲ್ಲರೂ ನಕ್ಕರು, ಅವನೂ ನಕ್ಕ. ಒದ್ದೆ ಜೀನ್ಸು, ಒದ್ದೆ ಅಂಗಿಯಲ್ಲೇ ಇನ್ನೂ ಒಂದೂವರೆ ಗಂಟೆ ಗಾಳಿಯಲ್ಲಿ ಕುಳಿತು ಉಳಿದ ಬಲೆ ಎತ್ತಿದ. ದಂಡೆಗೆ ಬರುವಷ್ಟರಲ್ಲಿ ಅವನ ಮಾತು ತೊದಲುತ್ತಿತ್ತು, ಬಲೆಯ ಗಂಟು ಬಿಚ್ಚಲು ಬೆರಳು ಬಾಗುತ್ತಿರಲಿಲ್ಲ, ನಡಿಗೆ ತೂರಾಡುತ್ತಿತ್ತು. ಜೊತೆಯವರು 'ಕುಡಿದಿದ್ದಾನೆ' ಎಂದುಕೊಂಡರು. ಒಬ್ಬರು ಮೈ ಬಿಸಿಯಾಗಲೆಂದು ಸಾರಾಯಿ ಕುಡಿಸಿದರು, ಇನ್ನೊಬ್ಬರು ಕೈಕಾಲು ಉಜ್ಜತೊಡಗಿದರು. ಮೀನು ಕೊಳ್ಳಲು ಬಂದಿದ್ದ ಒಬ್ಬ ಅಜ್ಜಿ ಎಲ್ಲರನ್ನೂ ಬೈದು ಅವನ ಒದ್ದೆ ಬಟ್ಟೆ ಬಿಚ್ಚಿಸಿ, ಮೈ ಒರೆಸಿ, ತನ್ನ ಕಂಬಳಿಯನ್ನು ಸುತ್ತಿದಳು. ಅವನು ಉಳಿದದ್ದು ಆ ಅಜ್ಜಿಯಿಂದ. ಅಂದಿನಿಂದ ಈ ವಿಷಯ ಬರೆಯಬೇಕೆಂದಿದ್ದೆ.

ಚಳಿ ಹೇಗೆ ಕೊಲ್ಲುತ್ತದೆ?

ನಮ್ಮ ಮೈಯ ಒಳಗಿನ ಶಾಖ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35 ಡಿಗ್ರಿಗಿಂತ ಕೆಳಗಿಳಿದರೆ ಮೆದುಳು, ಹೃದಯ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದಕ್ಕೆ ಹಿಮ ಬೀಳಬೇಕಾಗಿಲ್ಲ. ಒದ್ದೆ ಮೈ ಮತ್ತು ಗಾಳಿ, ಇವೆರಡೇ ಸಾಕು.

ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಅದರ ಮೇಲೆ, ಒದ್ದೆ ಬಟ್ಟೆ ಆರುವಾಗಲೂ ಶಾಖ ಬೇಕು. ಒಂದು ಲೀಟರು ನೀರು ಆವಿಯಾಗಲು ಸುಮಾರು 580 ಕಿಲೊಕ್ಯಾಲರಿ ಬೇಕು. ಹೆಚ್ಚು ಕಡಿಮೆ 175 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿರುವ ಶಕ್ತಿ ಅದು. ಬಿಸಿಲಿನಲ್ಲಾದರೆ ಆ ಶಾಖವನ್ನು ಸೂರ್ಯ ಕೊಡುತ್ತಾನೆ, ಕತ್ತಲಲ್ಲಿ ಅದರ ಬಹುಪಾಲನ್ನು ನಿಮ್ಮ ಮೈಯೇ ಕೊಡಬೇಕು. ಮಡಕೆಯ ನೀರು ತಣ್ಣಗಾಗುವುದೂ ಇದೇ ಲೆಕ್ಕದಲ್ಲಿ. ಒದ್ದೆ ಬಟ್ಟೆ ತೊಟ್ಟವನು ಗಾಳಿಯಲ್ಲಿಟ್ಟ ಮಡಕೆ ಇದ್ದ ಹಾಗೆ.

ನಮ್ಮದು ಒಣ ಸೀಮೆ. ಚಳಿಗಾಲದ ರಾತ್ರಿ ಆಕಾಶ ಶುಭ್ರವಾಗಿರುತ್ತದೆ, ಗಾಳಿಯಲ್ಲಿ ತೇವ ಕಡಿಮೆ. ಆದ್ದರಿಂದ ಹಗಲಿನ ಶಾಖ ಬೇಗ ಹಾರಿಹೋಗುತ್ತದೆ. ಹೊತ್ತು ಹುಟ್ಟುವ ಮುಂಚಿನ ಗಳಿಗೆಯೇ ಅತಿ ತಣ್ಣಗಿನ ಗಳಿಗೆ, ಸಂಜೆ ಬಿಟ್ಟ ಬಲೆಯನ್ನು ಎತ್ತುವ ಗಳಿಗೆಯೂ ಅದೇ. ಆ ಹೊತ್ತಿಗೆ ನೀರೊಳಗೆ ಕೈಯಿಟ್ಟರೆ ಬೆಚ್ಚಗೆನ್ನಿಸುತ್ತದೆ. ಅದನ್ನು ನಂಬಬೇಡಿ. ಕೈ ಹೊರಗೆ ತೆಗೆದ ಮೇಲೆ ಗಾಳಿ ತನ್ನ ಕೆಲಸ ಮಾಡುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಎರಡು ಮೂರು ದಿನ ತುಂತುರು ಹಿಡಿದರಂತೂ ಹಗಲೂ ರಾತ್ರಿಯಂತೆಯೇ.

ಜೀನ್ಸು ಬೇಡ

ನಮ್ಮ ರಾಯದುರ್ಗದಲ್ಲೂ ಬಳ್ಳಾರಿಯಲ್ಲೂ ಜೀನ್ಸ್ ಹೊಲಿಗೆ ಎಷ್ಟೋ ಮನೆಗಳ ಒಲೆ ಉರಿಸುತ್ತದೆ. ಆ ಕಸುಬಿಗೆ ದೇವರು ಒಳ್ಳೆಯದು ಮಾಡಲಿ. ಆದರೆ ನೀರಿನ ಮೇಲೆ ತೊಡಲು ಅದಕ್ಕಿಂತ ಕೆಟ್ಟ ಬಟ್ಟೆ ಇಲ್ಲ. ಜೀನ್ಸ್ ದಪ್ಪ ಹತ್ತಿ. ಹತ್ತಿ ನೀರನ್ನು ಕುಡಿದು ಹಿಡಿದುಕೊಳ್ಳುತ್ತದೆ, ಬೇಗ ಬಿಡುವುದಿಲ್ಲ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವೆ ಸಿಕ್ಕ ಗಾಳಿಯಿಂದ. ಆ ಜಾಗಕ್ಕೆ ನೀರು ಬಂದರೆ ಬೆಚ್ಚಗೆ ಹೋಯಿತು. ಹತ್ತಿಯ ಬನಿಯನ್ನು, ಲುಂಗಿ, ಟವೆಲ್ಲು ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ದಂಡೆಯಲ್ಲಿ ಕುಳಿತು ಮೀನು ಸೀಳುವ ನಮ್ಮ ತಾಯಂದಿರ ಒದ್ದೆ ಸೀರೆಯೂ ಅಷ್ಟೆ.

ಕಂಬಳಿಯ ಗುಣ, ಕಂಬಳಿಯ ದೋಷ

ನಮ್ಮ ಹಿರಿಯರು ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕುರಿ ಕಾಯುತ್ತಿದ್ದರು. ಪಕ್ಕದ ತೆಲುಗು ಬಂಧುಗಳು 'ಗೊಂಗಡಿ' ಎನ್ನುವುದೂ ಅದನ್ನೇ. ಚಳ್ಳಕೆರೆ ಸೀಮೆಯ ಕುರುಬ ಬಂಧುಗಳು ದಖ್ಖನಿ ಕುರಿಯ ಉಣ್ಣೆಯಿಂದ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡುವ ಕಂಬಳಿಯಲ್ಲಿ ದೊಡ್ಡ ವಿದ್ಯೆ ಇದೆ. ಉಣ್ಣೆಯ ಎಳೆ ಸುರುಳಿ ಸುರುಳಿಯಾಗಿರುವುದರಿಂದ ಗಾಳಿಯನ್ನು ಹಿಡಿದಿಡುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ. ಕುರಿಯ ಜಿಡ್ಡು ಸ್ವಲ್ಪ ಮಟ್ಟಿಗೆ ಹನಿಯನ್ನು ಜಾರಿಸುತ್ತದೆ. ನೆನೆದ ಮೇಲೂ ಉಣ್ಣೆ ಹತ್ತಿಗಿಂತ ಎಷ್ಟೋ ಬೆಚ್ಚಗೆ.

ಆದರೆ ಕಂಬಳಿಯನ್ನು ಹೊದ್ದುಕೊಂಡು ಹರಿಗೋಲು ಹತ್ತಬಾರದು. ನೀರಿಗೆ ಬಿದ್ದರೆ ಅದು ನೆನೆದು ಕೈಕಾಲಿಗೆ ಸುತ್ತಿಕೊಂಡು ಈಜಲು ಬಿಡುವುದಿಲ್ಲ. ಹಳೆಯ ಕಂಬಳಿ ಮನೆಯಲ್ಲಿದ್ದರೆ ರಾಯದುರ್ಗದ ಯಾವ ದರ್ಜಿಯಾದರೂ ಅದರಿಂದ ತೋಳಿಲ್ಲದ ಅಂಗಿ ಹೊಲಿದುಕೊಡಬಲ್ಲರು. ಎದೆ, ಬೆನ್ನು ಬೆಚ್ಚಗಿದ್ದು ಕೈ ಆಡಿಸಲು ಸಲೀಸು. ಇನ್ನೊಂದು ಒಣ ಕಂಬಳಿಯನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದಂಡೆಯಲ್ಲಿ ಇಟ್ಟಿರಬೇಕು. ಚೀಲವನ್ನು ಮೊದಲು ಚೆನ್ನಾಗಿ ತೊಳೆದು ಒಣಗಿಸಿ.

ಮೂರು ಪದರ

ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಪದರ ಮೇಲು.

1. ಮೈಗೆ ಅಂಟಿದ ಪದರ: ಆಟಗಾರರು ತೊಡುವಂಥ ತೆಳುವಾದ ಪಾಲಿಯೆಸ್ಟರ್ ಟೀ ಶರ್ಟು. ಅದು ಬೆವರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಬೇಗ ಆರುತ್ತದೆ.

2. ನಡುವಿನ ಪದರ: ಉಣ್ಣೆಯ ಸ್ವೆಟರು ಅಥವಾ ಮೇಲೆ ಹೇಳಿದ ಕಂಬಳಿ ಅಂಗಿ. ಇದರ ಕೆಲಸ ಗಾಳಿಯನ್ನು ಹಿಡಿದಿಡುವುದು.

3. ಹೊರ ಪದರ: ನೀರೂ ಗಾಳಿಯೂ ತೂರದ ರೇನ್‌ಕೋಟು. ಇದು ತಾನಾಗಿ ಬೆಚ್ಚಗೆ ಮಾಡುವುದಿಲ್ಲ, ಒಳಗಿನ ಎರಡು ಪದರಗಳನ್ನು ಕಾಯುತ್ತದೆ, ಅಷ್ಟೆ. ಬರಿ ಬನಿಯನ್ನಿನ ಮೇಲೆ ರೇನ್‌ಕೋಟು ಹಾಕಿದವನು ನಡುಗುವುದು ಇದಕ್ಕೇ.

ರೇನ್‌ಕೋಟು ಕೊಳ್ಳುವಾಗ ನೋಡಬೇಕಾದದ್ದು

ನೀರು ತಡೆಯುವ ಬಟ್ಟೆಯ ಹುಡುಕಾಟ ಹಳೆಯದು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರು ಅಂಟಿಸಿ ಪೇಟೆಂಟು ಪಡೆದರು. ನಾರ್ವೆಯ ನಾವಿಕ ಹೆಲಿ ಹ್ಯಾನ್ಸನ್ 1877ರಲ್ಲಿ ನಾರುಬಟ್ಟೆಗೆ ಅಗಸೆ ಎಣ್ಣೆ ಕುಡಿಸಿ ಕಡಲಿಗರಿಗೆ ಉಡುಪು ಮಾಡತೊಡಗಿದರು. ನಮ್ಮ ಹೊಲದ ಅಗಸೆಗೆ ಇಂಥ ಉಪಯೋಗವೂ ಇತ್ತು! ಈಗ ನಮ್ಮ ಪೇಟೆಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಪಿ.ವಿ.ಸಿ. ಲೇಪದ ದಪ್ಪ ಕೋಟು ಅಗ್ಗ, ನೀರು ಚೆನ್ನಾಗಿ ತಡೆಯುತ್ತದೆ, ಆದರೆ ಭಾರ ಮತ್ತು ಒಳಗೆ ಬೆವರು ನಿಲ್ಲುತ್ತದೆ. ಒಳಮೈಗೆ ಲೇಪವಿರುವ ನೈಲಾನ್ ಅಥವಾ ಪಾಲಿಯೆಸ್ಟರ್ ಕೋಟು ಹಗುರ, ಆದರೆ ಮುಳ್ಳು, ಮೀನಿನ ರೆಕ್ಕೆ ತಾಗಿದರೆ ಬೇಗ ಹರಿಯುತ್ತದೆ. ಬೆವರನ್ನು ಹೊರಬಿಟ್ಟು ನೀರನ್ನು ಮಾತ್ರ ತಡೆಯುವ ದುಬಾರಿ ಬಟ್ಟೆಗಳೂ ಉಂಟು. ನಮ್ಮ ಕೆಲಸಕ್ಕೆ ಅವು ಕಡ್ಡಾಯವಲ್ಲ.

ಬಟ್ಟೆಗಿಂತ ಮುಖ್ಯ ಹೊಲಿಗೆ. ಸೂಜಿ ಚುಚ್ಚಿದ ಕಡೆಯೆಲ್ಲ ತೂತೇ ತಾನೆ? ಕೋಟನ್ನು ಒಳಮಗ್ಗುಲು ತಿರುಗಿಸಿ ನೋಡಿ. ಹೊಲಿಗೆಯ ಉದ್ದಕ್ಕೂ ಪಟ್ಟಿ ಅಂಟಿಸಿರಬೇಕು ಅಥವಾ ಬೆಸೆದಿರಬೇಕು. ಮನೆಗೆ ತಂದ ಮೇಲೆ ತೋಳಿನ ತುದಿ ಕಟ್ಟಿ ಒಂದು ಚೊಂಬು ನೀರು ಹುಯ್ದು ಹತ್ತು ನಿಮಿಷ ಹಿಡಿದರೆ ಸತ್ಯ ತಿಳಿಯುತ್ತದೆ.

ಕೋಟು, ಪ್ಯಾಂಟು ಬೇರೆ ಬೇರೆ ಇರಲಿ. ಮೊಣಕಾಲವರೆಗೆ ಇಳಿಬೀಳುವ ನಿಲುವಂಗಿ ಬಲೆಗೆ ಸಿಕ್ಕಿಕೊಳ್ಳುತ್ತದೆ. ಹರಿಗೋಲಿನಲ್ಲಿ ಕುಳಿತವರಿಗೆ ಮೊದಲು ನೆನೆಯುವುದು ತೊಡೆ ಮತ್ತು ಮಡಿಲು, ಏಕೆಂದರೆ ಬಲೆಯ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಆದ್ದರಿಂದ ಹಣ ಕಡಿಮೆ ಇದ್ದರೆ ಕೋಟಿಗಿಂತ ಮೊದಲು ಪ್ಯಾಂಟು ಕೊಳ್ಳಿ. ಎದೆಯವರೆಗೂ ಬರುವ, ಹೆಗಲಿಗೆ ಪಟ್ಟಿಯಿರುವ ಪ್ಯಾಂಟು ಸಿಕ್ಕರೆ ಇನ್ನೂ ಒಳ್ಳೆಯದು.

ಸ್ವೆಟರು ಒಳಗೆ ಹಿಡಿಯುವಷ್ಟು ದೊಡ್ಡ ಅಳತೆ ಇರಲಿ. ಮಣಿಕಟ್ಟಿಗೆ ಎಲಾಸ್ಟಿಕ್, ಜಿಪ್ಪಿನ ಮೇಲೆ ಮುಚ್ಚುಪಟ್ಟಿ, ತಲೆಗೆ ಟೊಪ್ಪಿ ಇರಲಿ. ಬಣ್ಣ ಕಿತ್ತಳೆ ಅಥವಾ ಹಳದಿ. ಕಪ್ಪು, ಹಸಿರು, ನೀಲಿ ಬಣ್ಣದವನು ನೀರಿನಲ್ಲಿ ಬಿದ್ದರೆ ಮಬ್ಬುಗತ್ತಲಲ್ಲಿ ಕಾಣುವುದಿಲ್ಲ. ಕಿವಿ ಮುಚ್ಚುವ ಮಂಕಿ ಕ್ಯಾಪ್ ಉಣ್ಣೆಯದಾಗಿರಲಿ. ಗಂ ಬೂಟು ದಂಡೆಯ ಕೆಸರಿಗೆ ಸರಿ, ಹರಿಗೋಲಿನಲ್ಲಿ ಬೇಡ. ನೀರು ತುಂಬಿದ ಬೂಟಿನಲ್ಲಿ ಕಾಲು ಬಡಿಯಲಾಗದು.

ಇವೆಲ್ಲಕ್ಕಿಂತ ಮೇಲೆ ಲೈಫ್ ಜಾಕೆಟ್ ತೊಡಿ. ಎದೆಗೂ ಬೆನ್ನಿಗೂ ಫೋಮ್ ಇರುವುದರಿಂದ ಅದು ಚಳಿಯನ್ನೂ ತಡೆಯುತ್ತದೆ. ಎಷ್ಟೇ ಒಳ್ಳೆಯ ರೇನ್‌ಕೋಟು ನೀರಿಗೆ ಬಿದ್ದವನನ್ನು ತೇಲಿಸದು. ಲಾರಿ ಟ್ಯೂಬು ಹಗ್ಗ ಬಿಚ್ಚಿ ದೂರ ಸರಿದರೆ ಉಪಯೋಗವಿಲ್ಲ, ಜಾಕೆಟ್ ಮೈಮೇಲೆಯೇ ಇರುತ್ತದೆ.

ಜೋಪಾನ

ಕೆಲಸ ಮುಗಿದ ಮೇಲೆ ರೇನ್‌ಕೋಟನ್ನು ಒಳ್ಳೆಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ನಮ್ಮ ಬಿಸಿಲು ಲೇಪವನ್ನು ಬೇಗ ಒಡೆಯುತ್ತದೆ. ಹಸಿಯಾಗಿ ಮಡಚಿಡಬೇಡಿ, ಇಸ್ತ್ರಿ ಮಾಡಬೇಡಿ. ಅದನ್ನು ತೊಟ್ಟು ಬೆಂಕಿಯ ಹತ್ತಿರ ಕೂರಬೇಡಿ, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಳಗಿನ ಜಾವ ಹೊಲಕ್ಕೆ ನೀರು ಕಟ್ಟುವವರಿಗೂ, ಹಾಲು ಹಾಕಲು ಬೈಕಿನಲ್ಲಿ ಹೋಗುವವರಿಗೂ ಇದೇ ಉಡುಪು ಆಗುತ್ತದೆ. ಹಾಗಾಗಿ ಇದು ದಂಡದ ಖರ್ಚಲ್ಲ.

ಚಳಿ ಹಿಡಿದವನಿಗೆ ಏನು ಮಾಡಬೇಕು?

ಬಿಡದ ನಡುಕ, ಬೆರಳು ಬಾಗದಿರುವುದು, ತೊದಲು ಮಾತು, ತೂರಾಟ, ಮಂಕು, ಇವು ಗುರುತುಗಳು. ಇಷ್ಟಾದ ಮೇಲೆ ಮೈ ಬೆಚ್ಚಗಾಗದೆಯೇ ನಡುಕ ನಿಂತರೆ ಸುಧಾರಿಸಿತೆಂದು ತಿಳಿಯಬೇಡಿ, ಅಪಾಯ ಹೆಚ್ಚಿದೆ ಎಂದರ್ಥ. ಗಾಳಿ ತಾಗದ ಕಡೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ತಲೆ ಸಮೇತ ಒಣ ಕಂಬಳಿ ಸುತ್ತಿ. ನೆಲದಿಂದಲೂ ಚಳಿ ಏರುವುದರಿಂದ ಕೆಳಗೂ ಏನಾದರೂ ಹಾಸಿ. ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಸಕ್ಕರೆ ಹಾಕಿದ ಬಿಸಿ ಹಾಲು ಅಥವಾ ಗಂಜಿ ಕೊಡಿ. ಕೈಕಾಲು ಉಜ್ಜಬೇಡಿ, ಸುಡುವ ನೀರು ಹುಯ್ಯಬೇಡಿ. ಸಾರಾಯಿ ಬೇಡವೇ ಬೇಡ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದಂತೆ ಭ್ರಮೆ ಹುಟ್ಟಿಸುತ್ತದೆ, ಒಳಗಿನ ಶಾಖವನ್ನು ಹೊರಹಾಕುತ್ತದೆ. ಮಾತು ತೊದಲುತ್ತಿದ್ದರೆ ಅಥವಾ ಎಚ್ಚರ ತಪ್ಪುತ್ತಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಪೇತ್ರನ ಮೇಲಂಗಿ

ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯ ನಿಮಗೆ ಗೊತ್ತು. ರಾತ್ರಿಯಿಡೀ ತಿಬೇರಿಯ ಸರೋವರದಲ್ಲಿ ಏನೂ ಸಿಗದೆ ದಣಿದ ಶಿಷ್ಯರು, ಬೆಳಗಿನ ಹೊತ್ತು ದಂಡೆಯಲ್ಲಿ ನಿಂತ ಪ್ರಭು. ಕೆಲಸಕ್ಕಾಗಿ ಮೇಲಂಗಿ ತೆಗೆದಿಟ್ಟಿದ್ದ ಪೇತ್ರ ಅದನ್ನು ಸುತ್ತಿಕೊಂಡು ನೀರಿಗೆ ಹಾರುತ್ತಾನೆ. ದಂಡೆಗೆ ಬಂದಾಗ ಅಲ್ಲಿ ಕೆಂಡ ಉರಿಯುತ್ತಿದೆ, ಮೀನು ಬೇಯುತ್ತಿದೆ, ರೊಟ್ಟಿ ಇದೆ. ಒದ್ದೆಯಾಗಿ ಬರುವ ಬೆಸ್ತರಿಗೆ ಏನು ಬೇಕೆಂದು ಉಪದೇಶಕ್ಕೆ ಮುಂಚೆಯೇ ನಮ್ಮ ಪ್ರಭುವಿಗೆ ತಿಳಿದಿತ್ತು. ಮೊದಲು ಬೆಂಕಿ ಮತ್ತು ಊಟ, ಆಮೇಲೆ ಮಾತು.

ನಮ್ಮ ದಂಡೆಯಲ್ಲೂ ಹಾಗೇ ಆಗಲಿ. ನೀರಿಗೆ ಹೋದವರು ಬರುವ ತನಕ ಒಂದು ಒಣ ಕಂಬಳಿ, ಒಂದು ಜೊತೆ ಒಣ ಬಟ್ಟೆ, ಒಂದು ಫ್ಲಾಸ್ಕ್ ಗಂಜಿ ಕಾಯುತ್ತಿರಲಿ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಎರಡು ಬಗೆಯ ರೇನ್‌ಕೋಟುಗಳನ್ನೂ ಒಂದು ಕಂಬಳಿ ಅಂಗಿಯನ್ನೂ ದೇವಾಲಯದ ಜಗಲಿಯಲ್ಲಿ ಇಟ್ಟಿರುತ್ತೇನೆ. ಬಂದು ಮುಟ್ಟಿ ನೋಡಿ, ಹೊಲಿಗೆ ತಿರುಗಿಸಿ ನೋಡಿ. ನೀರಿಗೆ ಹೋಗುವ ಗಂಡಸರು ಸಂಕೋಚಪಟ್ಟು ಬಾರದಿದ್ದರೆ ಅವರ ಮನೆಯ ಹೆಂಗಸರಾದರೂ ಬನ್ನಿ. ಇವತ್ತು ತಪ್ಪಿದ ಮೀನು ನಾಳೆಯ ಬಲೆಗೆ ಬಿದ್ದೀತು. ಹೋದ ಜೀವಕ್ಕೆ ಬಲೆ ಬೀಸುವವರು ಯಾರೂ ಇಲ್ಲ.

ದೇವರು ನಿಮ್ಮನ್ನೂ ನಿಮ್ಮ ದುಡಿಮೆಯನ್ನೂ ಆಶೀರ್ವದಿಸಲಿ.

— ನಿಮ್ಮ ಧರ್ಮಕೇಂದ್ರದ ಗುರುಗಳು