ಊರಿಗೊಂದು ಹೆಸರು, ಹೆಸರಿಗೊಂದು ಕಾಳು

ರಾಯಚೂರು ಜಿಲ್ಲೆಯ ಅಕ್ಕಪಕ್ಕದ ಮೂರು ತಾಲ್ಲೂಕುಗಳಿಗೆ ಮೂರು ಗುರುತು. ಲಿಂಗಸುಗೂರು ಅಂದರೆ ಹಟ್ಟಿಯ ಚಿನ್ನ. ಮಸ್ಕಿ ಅಂದರೆ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರಿಟ್ಟು ಹೇಳಿದ ಬಂಡೆ. ಸಿಂಧನೂರು ಅಂದರೆ ಸೋನಾ ಮಸೂರಿ. ಚಿನ್ನ ನೆಲದೊಳಗೇ ಇತ್ತು, ಅಕ್ಷರ ಬಂಡೆಯ ಮೇಲೇ ಇತ್ತು. ಸಿಂಧನೂರು ಮಾತ್ರ ತನ್ನ ಹೆಸರನ್ನು ಬೆಳೆದುಕೊಂಡಿತು.

ಇದು ಮೂಲತಃ ಬಿಳಿಜೋಳದ ಎರೆ ಸೀಮೆ. 1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ನಾಲೆಯ ನೀರು ಬಂದಮೇಲೆ ಆಂಧ್ರದ ರೈತ ಕುಟುಂಬಗಳು ಇಲ್ಲಿ ಜಮೀನು ಕೊಂಡು ಕ್ಯಾಂಪ್ ಕಟ್ಟಿಕೊಂಡವು. ಎರೆ ಹೊಲವನ್ನು ಮಟ್ಟ ಮಾಡಿ, ಬದು ಹಾಕಿ, ಗದ್ದೆ ಮಾಡುವ ಕಸುಬು ಅವರ ಜೊತೆಗೇ ಬಂತು. ಅವರನ್ನು ನೋಡಿ ಊರವರೂ ನಾಟಿಗಿಳಿದರು. ಸೋನಾ ಮತ್ತು ಮಲೇಷ್ಯಾ ಮೂಲದ ಮಸೂರಿ ತಳಿಗಳನ್ನು ಕೂಡಿಸಿ ಆಂಧ್ರದ ಬಾಪಟ್ಲದಲ್ಲಿ ಹುಟ್ಟಿದ ಸಣ್ಣಕ್ಕಿ ಸೋನಾ ಮಸೂರಿ. ಅದೇ ಕೇಂದ್ರದಿಂದ 1986ರಲ್ಲಿ ಬಂದ ಬಿಪಿಟಿ 5204 ಕೂಡ ಪೇಟೆಯಲ್ಲಿ ‘ಸೋನಾ’ ಎಂದೇ ನಡೆಯುತ್ತದೆ. ಸುಮಾರು ಐದು ತಿಂಗಳ ಬೆಳೆ, ರೋಗ ಬೇಗ ತಗಲುತ್ತದೆ, ಎಕರೆಗೆ ಬರುವ ಚೀಲವೂ ದಪ್ಪ ಭತ್ತಕ್ಕಿಂತ ಕಡಿಮೆ. ಆದರೂ ಸಿಂಧನೂರು, ಕಾರಟಗಿ, ಗಂಗಾವತಿ ಸೀಮೆ ಸಣ್ಣಕ್ಕಿಯನ್ನು ಬಿಡಲಿಲ್ಲ. ನನಗೆ ಇಲ್ಲಿಯ ದೊಡ್ಡ ಸಂಗತಿ ಇದೇ.

ಈ ಪಟ್ಟಿನ ಫಲ ಕಾಣಬೇಕಾದರೆ ಸುಗ್ಗಿಯಲ್ಲಿ ಒಂದು ರೈಸ್ ಮಿಲ್ಲಿಗೆ ಹೋಗಬೇಕು. ಅಂಗಳದಲ್ಲಿ ನೆಲ್ಲಿನ ಟ್ರ್ಯಾಕ್ಟರುಗಳ ಸಾಲು. ಖರೀದಿದಾರರು ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಒಂದು ಕಾಳನ್ನು ಹಲ್ಲಿಗೆ ಕೊಡುತ್ತಾರೆ. ಕಟ್ಟನೆ ಮುರಿದರೆ ಒಣಗಿದ ಮಾಲು. ಮೆತ್ತಗೆ ಬಗ್ಗಿದರೆ ಹಸಿ, ದರ ಇಳಿಯುತ್ತದೆ. ವ್ಯಾಪಾರ 75 ಕಿಲೊ ಚೀಲದ ಲೆಕ್ಕದಲ್ಲಿ. ಒಳಗೆ ಕಲ್ಲುಮಣ್ಣು ಬೇರ್ಪಟ್ಟ ನೆಲ್ಲು ಎರಡು ರಬ್ಬರ್ ರೋಲುಗಳ ನಡುವೆ ಹಾದು ಹೊಟ್ಟು ಬಿಡುತ್ತದೆ, ಪಾಲಿಶ್ ಆಗುತ್ತದೆ, ನುಚ್ಚು ಜರಡಿಯಲ್ಲಿ ಇಳಿಯುತ್ತದೆ. ಕೊನೆಗೆ ಸಾರ್ಟೆಕ್ಸ್ ಯಂತ್ರ ಕ್ಯಾಮೆರಾದಲ್ಲಿ ಒಂದೊಂದೇ ಕಾಳನ್ನು ನೋಡಿ, ಬಣ್ಣಗೆಟ್ಟದ್ದನ್ನು ಗಾಳಿಯ ಹೊಡೆತಕ್ಕೆ ಹಾರಿಸುತ್ತದೆ. 100 ಕಿಲೊ ನೆಲ್ಲಿಗೆ ಅಕ್ಕಿ 65 ಕಿಲೊದ ಆಸುಪಾಸು. ಉಳಿದದ್ದು ಹೊಟ್ಟು, ತೌಡು.

ರೋಲುಗಳ ನಡುವಿನ ಸಂದು ಕಾಳಿನ ದಪ್ಪಕ್ಕೆ ತಕ್ಕಂತೆ ಇರಬೇಕು. ತಳಿ ಬೆರೆತರೆ ಸಣ್ಣ ಕಾಳು ಸುಲಿಯದೆ ಉಳಿಯುತ್ತದೆ, ದಪ್ಪ ಕಾಳು ಮುರಿಯುತ್ತದೆ. ಗಿರಾಕಿಯ ಮನೆಯಲ್ಲಿ ಅರ್ಧ ಅನ್ನ ಬೆಂದು ಅರ್ಧ ಬೇಯದೆ ಕೂರುತ್ತದೆ. ಸೀಮೆಗೆ ಸೀಮೆಯೇ ಒಂದು ಬಗೆಯ ಕಾಳಿಗೆ ನಿಂತದ್ದರಿಂದ ಯಂತ್ರ, ಹಮಾಲರ ಕೈ, ದಲಾಲರ ಕಣ್ಣು ಎಲ್ಲವೂ ಅದಕ್ಕೇ ಪಳಗಿದವು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಆರು ತಿಂಗಳು, ವರ್ಷ ಕೂಡಿಟ್ಟ ಹಳೆ ಅಕ್ಕಿ ಉದುರುದುರಾಗುತ್ತದೆ, ಬೆಲೆಯೂ ಹೆಚ್ಚು. ದುಡ್ಡು ಕಟ್ಟಿ ಹಾಕಿಕೊಂಡು ಕಾಯುವ ಆ ತಾಳ್ಮೆಗೆ ಜಾಹೀರಾತಿಗಿಂತ ಹೆಚ್ಚು ಗಿರಾಕಿ ಹುಟ್ಟುತ್ತಾರೆ.

ಚೀಲದ ಮೇಲಿನ ಹೆಸರಿನದು ಬೇರೆಯದೇ ಪಾಡು. 2017ರಲ್ಲಿ ಜಿಎಸ್‌ಟಿ ಬಂದಾಗ ನೋಂದಾಯಿತ ಬ್ರ್ಯಾಂಡಿನ ಅಕ್ಕಿಗೆ ಮಾತ್ರ ಶೇ 5 ತೆರಿಗೆ ಇತ್ತು. ದೇಶದ ಎಷ್ಟೋ ಮಿಲ್ಲುಗಳು ತೆರಿಗೆಗೆ ಹೆದರಿ ಬ್ರ್ಯಾಂಡಿನ ಹಕ್ಕನ್ನೇ ಕೈಬಿಟ್ಟವು. 2022ರ ಜುಲೈಯಿಂದ 25 ಕಿಲೊವರೆಗಿನ ಎಲ್ಲ ಪ್ಯಾಕೆಟ್ ಅಕ್ಕಿಗೂ ತೆರಿಗೆ ಬಂತು. ಅಂಗಡಿಗಳಿಗೆ 26 ಕಿಲೊ ಚೀಲ ಬಂತು. ಚಿಹ್ನೆ ಬದಲಾಯಿತು, ತೂಕ ಬದಲಾಯಿತು. ಬೆಂಗಳೂರಿನ ಗೃಹಿಣಿ ಕೇಳುವುದು ಮಾತ್ರ ಇವತ್ತಿಗೂ ‘ಸೋನಾ ಮಸೂರಿ, ಹಳೇದು’.

ಈ ಹೆಸರಿಗೆ ತೆತ್ತ ಬೆಲೆಯನ್ನೂ ಹೇಳಬೇಕು. ಎಡದಂಡೆ ನಾಲೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಮೇಲಿನವರು ಭತ್ತಕ್ಕೆ ನೀರು ನಿಲ್ಲಿಸಿದಷ್ಟೂ ಮಾನ್ವಿ, ರಾಯಚೂರು ಕಡೆಯ ಕೆಳಭಾಗದ ರೈತರ ನಾಲೆ ಒಣಗುತ್ತದೆ. 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಈ ಸೀಮೆಯೆಲ್ಲ ಉಸಿರು ಬಿಗಿಹಿಡಿದಿತ್ತು. ಎರಡನೇ ಬೆಳೆಗೂ ಭತ್ತವೇ ಬೇಕೆಂಬ ಹಟವನ್ನು ಬಿಟ್ಟು, ಮುಂಗಾರಿನ ಸೋನಾವನ್ನಷ್ಟೇ ಚೊಕ್ಕವಾಗಿ ಬೆಳೆದರೆ ಹೆಸರು ಕೆಡುವುದಿಲ್ಲ, ಕೆಳಗಿನವರ ಹೊಲವೂ ನೆನೆಯುತ್ತದೆ ಎಂಬುದು ನನ್ನ ಅನಿಸಿಕೆ.

ಈಗ ಹೈದರಾಬಾದಿನ ರಾಜೇಂದ್ರನಗರದಿಂದ ಬಂದ ಆರ್‌ಎನ್‌ಆರ್ 15048 ಗದ್ದೆಗಿಳಿದಿದೆ. ಸುಮಾರು ನಾಲ್ಕು ತಿಂಗಳಲ್ಲಿ ಕಟಾವು, ಕಾಳು ಇನ್ನೂ ಸಣ್ಣ, ಸಕ್ಕರೆ ಕಾಯಿಲೆಯವರು ಕೇಳಿ ಕೊಳ್ಳುವ ಅಕ್ಕಿ. ನೀರೂ ಕಡಿಮೆ ಸಾಕಾಗುವುದರಿಂದ ಅದು ಬರಲಿ. ಆದರೆ ಅದನ್ನು ಅದರ ಹೆಸರಿನಲ್ಲೇ ಮಾರಬೇಕು, ಸೋನಾದ ಚೀಲಕ್ಕೆ ಬೆರೆಸಬಾರದು. ಮಿಲ್ಲಿನವರು ಚೀಲದ ಮೇಲೆ ದೇವರ ಚಿತ್ರದಷ್ಟೇ ದೊಡ್ಡದಾಗಿ ತಳಿ, ಕಟಾವಿನ ವರ್ಷ, ಊರು ಈ ಮೂರನ್ನೂ ಅಚ್ಚು ಹಾಕಿಸಲಿ.